ಸೂಜಿಗೆ ಸಮ್ಮತಿ, ಸ್ಥಳಕ್ಕೆ ನಿಷೇಧ

ನಮ್ಮ ಭಾಷೆಯಲ್ಲಿ 'ವ್ಯಸನ' ಎಂಬ ಶಬ್ದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಬಿಡಲಾಗದ ಕೆಟ್ಟ ಚಟವೆಂಬುದು ಒಂದು, ದುಃಖವೆಂಬುದು ಮತ್ತೊಂದು. ಮಗನು ವ್ಯಸನಿಯಾದುದಕ್ಕೆ ತಾಯಿ ವ್ಯಸನಪಟ್ಟಳೆಂದರೆ ಯಾವ ಕನ್ನಡಿಗನಿಗೂ ಅರ್ಥ ತೊಡಕಾಗದು. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ, ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೇ ವ್ಯಸನವೆಂದು ಈ ಶಬ್ದವನ್ನು ಬಿಡಿಸಿದ್ದಾನೆ. ಹಾಗೆ ಎಸೆಯಲ್ಪಟ್ಟವನು ತಪ್ಪಿತಸ್ಥನೂ ಹೌದು, ಪೀಡಿತನೂ ಹೌದು. ಮಾದಕದ್ರವ್ಯಗಳನ್ನು ಕುರಿತ ಇಂದಿನ ರಾಜಕೀಯ ಚರ್ಚೆಯಲ್ಲಿ ಎರಡನೆಯ ಅರ್ಥವು ಮರೆಯಾಗುತ್ತಿದೆಯೆಂಬುದೇ ಈ ಲೇಖನದ ವಿಷಯ.

ವ್ಯಸನಿಯು ತಾನು ತಂದ ದ್ರವ್ಯವನ್ನು ದಾದಿಯ ಕಣ್ಣೆದುರಿನಲ್ಲಿ, ಶುದ್ಧವಾದ ಸೂಜಿಯಿಂದ ಚುಚ್ಚಿಕೊಳ್ಳಲು ಅಧಿಕೃತವಾಗಿ ಒಂದು ಕೋಣೆಯನ್ನು ತೆರೆಯಬಹುದೆ? ಇದು ಮೊದಲು ಯುರೋಪಿನಲ್ಲಿ ಎದ್ದ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1986ರಲ್ಲಿ ಇಂತಹ ಕೋಣೆ ಆರಂಭವಾಯಿತು. ಸಿಡ್ನಿಯಲ್ಲಿ 2001ರಲ್ಲಿಯೂ ವ್ಯಾಂಕೂವರಿನಲ್ಲಿ 2003ರಲ್ಲಿಯೂ ತೆರೆದುವು. ಸಿಡ್ನಿಯ ಕೇಂದ್ರವನ್ನು ನಡೆಸುತ್ತಿರುವುದು ಒಂದು ಕ್ರೈಸ್ತ ಧರ್ಮಸಂಸ್ಥೆಯೆಂಬುದು ಗಮನಾರ್ಹ. ವ್ಯಾಂಕೂವರಿನ ಕೇಂದ್ರವನ್ನು ಮುಚ್ಚಿಸಲು ಕೆನಡಾದ ಒಕ್ಕೂಟ ಸರಕಾರವು ಯತ್ನಿಸಿದಾಗ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಏಕಮತದಿಂದ ಅದನ್ನು ಉಳಿಸಿತು. ಆದರೆ ಅದೇ ದೇಶದ ಒಂಟಾರಿಯೊ ಪ್ರಾಂತವು ಶಾಲೆಗಳಿಂದಲೂ ಶಿಶುವಿಹಾರಗಳಿಂದಲೂ 200 ಮೀಟರಿನೊಳಗೆ ಇಂತಹ ಕೋಣೆಗಳು ಇರಕೂಡದೆಂದು 2024ರಲ್ಲಿ ಕಾಯಿದೆ ಮಾಡಿತು. ಗ್ಲಾಸ್ಗೋ ನಗರದಲ್ಲಿ 2025ರ ಜನವರಿಯಲ್ಲಿ ಹೊಸದೊಂದು ತೆರೆಯಿತು. ವಾದವು ಎಲ್ಲಿಯೂ ಮುಗಿದಿಲ್ಲ.

ಭಾರತದಲ್ಲಿ ಇಂತಹ ಕೋಣೆ ಒಂದೂ ಇಲ್ಲ. ಆದುದರಿಂದ ಈ ಚರ್ಚೆ ನಮಗೆ ಸಂಬಂಧಿಸಿದ್ದಲ್ಲವೆಂದು ಹೇಳುವವರುಂಟು. ಕಾಯಿದೆಗಳನ್ನು ಓದಿದರೆ ಈ ಮಾತು ನಿಲ್ಲದು. 1985ರ ಮಾದಕದ್ರವ್ಯ ಕಾಯಿದೆಯ 27ನೆಯ ಕಲಮಿನಂತೆ ಸೇವನೆಯೇ ಅಪರಾಧ. 25ನೆಯ ಕಲಮಿನಂತೆ ತಿಳಿದೂ ತಿಳಿದೂ ಸ್ಥಳವನ್ನು ಒದಗಿಸುವುದೂ ಅಪರಾಧ. ಅದೇ ಕಾಯಿದೆಯ 71ನೆಯ ಕಲಮು, ವ್ಯಸನಿಗಳ ಚಿಕಿತ್ಸೆಗಾಗಿ ಕೇಂದ್ರಗಳನ್ನು ಸ್ಥಾಪಿಸಲು ಮಾತ್ರವಲ್ಲದೆ, ನೋಂದಾಯಿಸಿಕೊಂಡ ವ್ಯಸನಿಗಳಿಗೆ ವೈದ್ಯಕೀಯ ಅಗತ್ಯವಿದ್ದಲ್ಲಿ ದ್ರವ್ಯವನ್ನು ಪೂರೈಸಲು ಸಹ ಸರಕಾರಕ್ಕೆ ಅಧಿಕಾರ ಕೊಡುತ್ತದೆ. 2017ರ ಎಚ್‌ಐವಿ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೆಯ ಸೂಜಿಯನ್ನು ಪಡೆದು ಹೊಸ ಸೂಜಿಯನ್ನು ಕೊಡುವವನೂ ತೆಗೆದುಕೊಳ್ಳುವವನೂ ದಂಡಾರ್ಹರಲ್ಲವೆಂದು ಉದಾಹರಣೆಸಹಿತ ಹೇಳಿದೆ. ಸರಕಾರಿ ಕೇಂದ್ರಗಳಲ್ಲಿ ಬದಲಿ ಔಷಧವಾದ ಬ್ಯುಪ್ರೆನಾರ್ಫಿನ್ ಗುಳಿಗೆಯನ್ನು ವ್ಯಸನಿಯು ಪ್ರತಿದಿನವೂ ದಾದಿಯ ಎದುರಿನಲ್ಲಿಯೇ ನಾಲಗೆಯ ಕೆಳಗಿಟ್ಟು ಕರಗಿಸುವ ಪದ್ಧತಿಯೂ ಇದೆ. ಅಂದಮೇಲೆ ಸೂಜಿಯನ್ನು ನಾವು ಒಪ್ಪಿದ್ದೇವೆ, ಮೇಲ್ವಿಚಾರಣೆಯನ್ನೂ ಒಪ್ಪಿದ್ದೇವೆ. ಕೈಯಲ್ಲಿ ಶುದ್ಧ ಸೂಜಿಯನ್ನಿಟ್ಟು, ಹೋಗು ಎಂದು ಕಳಿಸಿದ ಮೇಲೆ ಅವನು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಮಾತ್ರ ಕೇಳಿಲ್ಲ.

ಅವನು ಎಲ್ಲಿಗೆ ಹೋಗುತ್ತಾನೆಂಬುದು ಠಾಣೆಯಿಂದ ಕಲ್ಯಾಣದವರೆಗೆ ದಿನವೂ ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆ ತಿಳಿಯದ ಸಂಗತಿಯಲ್ಲ. ಹಳಿಯ ಪಕ್ಕದ ಗೋಡೆಯ ಮರೆ, ಸೇತುವೆಯ ಕೆಳಗಣ ಕತ್ತಲೆ ಅವನ ಸ್ಥಳ. ದೇಶದಲ್ಲಿ ಸುಮಾರು 8.5 ಲಕ್ಷ ಜನರು ಸೂಜಿಯಿಂದ ಮಾದಕದ್ರವ್ಯ ಸೇವಿಸುತ್ತಾರೆಂದು 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆ ಅಂದಾಜು ಮಾಡಿತು. 2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ 'ನಶಾಮುಕ್ತ' ನಗರದ ಆಂದೋಲನ ಆರಂಭವಾಯಿತು. ಉದ್ದೇಶವು ಶ್ಲಾಘ್ಯವೇ. ಆದರೆ ನಶೆಯಿಂದ ಮುಕ್ತವಾದ ನಗರವೆಂದಾಗ, ನಶೆಯಲ್ಲಿರುವ ಮನುಷ್ಯನನ್ನು ಎಲ್ಲಿ ಇರಿಸಬೇಕೆಂಬುದಕ್ಕೆ ಆ ಶಬ್ದದಲ್ಲಿ ಉತ್ತರವಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ ನಮ್ಮ ಸೊಸಾಯಿಟಿಯ ಸಮೀಪದಲ್ಲಿ ಇಂತಹವರಿಗಾಗಿ ಒಂದು ಸೇವಾಕೇಂದ್ರವನ್ನು ತೆರೆಯುವ ಸುದ್ದಿ ಬಂತು. ಅಲ್ಲಿ ಚುಚ್ಚಿಕೊಳ್ಳುವ ಏರ್ಪಾಡೇನೂ ಇರಲಿಲ್ಲ. ಸ್ನಾನ, ಗಾಯಕ್ಕೆ ಪಟ್ಟಿ, ಸೂಜಿಯ ವಿನಿಮಯ, ಇಷ್ಟೆ. ಮಕ್ಕಳು ಓಡಾಡುವ ದಾರಿಯೆಂದು ವಿರೋಧಿಸಿ ಒಂದು ಅರ್ಜಿ ಸಿದ್ಧವಾಯಿತು. ನಾನೂ ಸಹಿ ಮಾಡಿದೆನು. ಕೇಂದ್ರ ಬರಲಿಲ್ಲ. ಆ ಜನರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದೇ ದಾರಿಯ ಕೊನೆಯ ಸೇತುವೆಯ ಕೆಳಗೆ ಉಳಿದರು, ಬಳಸಿದ ಸೂಜಿಗಳೂ ಅಲ್ಲಿಯೇ ಉಳಿದುವು. ಬ್ಯಾಂಕಿನಲ್ಲಿ ಜಮಾ ಬದಿಯನ್ನು ಬಿಟ್ಟು ಖರ್ಚಿನ ಬದಿಯನ್ನಷ್ಟೇ ಬರೆದವನ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅಂದು ನಾನು ಬರೆದದ್ದು ಅಂತಹುದೇ ಲೆಕ್ಕ: ಕೇಂದ್ರವಿದ್ದರೆ ಆಗುವ ಹಾನಿಯನ್ನು ಎಣಿಸಿದೆನು, ಇಲ್ಲದಿದ್ದರೆ ಆಗುವ ಹಾನಿಯನ್ನು ಎಣಿಸಲಿಲ್ಲ.

ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕೋಣೆಯ ಬಾಗಿಲಲ್ಲಿ ಮಾರುವವರು ನೆರೆಯಬಹುದೆಂಬ ಭಯ ಸಹಜವಾದುದು. ಚಿಕಿತ್ಸೆಗೇ ಹಾಸಿಗೆ ಸಾಲದಿರುವಾಗ ಚುಚ್ಚಿಕೊಳ್ಳಲು ಕೋಣೆಯೇಕೆಂಬ ಆಕ್ಷೇಪವಂತೂ ಗುರುತರವಾದುದು. ಇದಕ್ಕೆ ಉತ್ತರವಿಷ್ಟೆ: ಹಾಸಿಗೆ ದೊರೆಯುವ ದಿನದವರೆಗೆ ಮನುಷ್ಯನು ಬದುಕಿರಬೇಕಲ್ಲವೆ? ಪ್ರಮಾಣ ಮೀರಿ ಉಸಿರು ನಿಲ್ಲುವಾಗ ಪಕ್ಕದಲ್ಲಿ ದಾದಿಯಿದ್ದರೆ ಆಮ್ಲಜನಕದಿಂದಲೂ ನಾಲೊಕ್ಸೋನ್ ಎಂಬ ಔಷಧದಿಂದಲೂ ಅವನನ್ನು ಉಳಿಸಬಹುದು. ಸೇತುವೆಯ ಕೆಳಗೆ ಇವೆರಡೂ ಇಲ್ಲ.

ರಾಜ್ಯವು ವ್ಯಸನಕ್ಕೆ ಕೋಣೆ ಕಟ್ಟುವುದು ನಮ್ಮ ಸಂಸ್ಕೃತಿಗೆ ಹೊರತೆಂಬ ಮಾತೂ ಕೇಳಿಬರುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದಲ್ಲಿಯೇ, ಎರಡನೆಯ ಅಧಿಕರಣದ ಸುರಾಧ್ಯಕ್ಷ ಪ್ರಕರಣವನ್ನು ಇಂತಹವರು ಓದಬೇಕು. ಕುಡಿಯುವವರು ಅಲೆದಾಡದೆ ಪಾನಾಗಾರದಲ್ಲಿಯೇ ಕುಡಿಯತಕ್ಕದ್ದು. ಅಲ್ಲಿ ಹಲವು ಕೋಣೆಗಳು, ಬೇರೆಬೇರೆ ಹಾಸಿಗೆ ಆಸನಗಳು ಇರತಕ್ಕವು. ಮತ್ತಿನಲ್ಲಿದ್ದವನ ಒಡವೆ ಕಳೆದುಹೋದರೆ ಅಂಗಡಿಯವನೇ ತೆರಬೇಕು ಎಂಬ ವಿಧಿಗಳು ಅಲ್ಲಿವೆ. ಕೌಟಿಲ್ಯನ ಲಕ್ಷ್ಯವು ಬೊಕ್ಕಸದ ಮೇಲೆಯೂ ಗೂಢಚಾರರ ಕಿವಿಯ ಮೇಲೆಯೂ ಇತ್ತು, ದಯೆಯ ಮೇಲಲ್ಲ ಎಂಬುದು ನಿಜ. ಆದಾಯಕ್ಕಾಗಿ ಕೋಣೆಯನ್ನು ಕಟ್ಟಬಲ್ಲ ರಾಜ್ಯವು ಪ್ರಾಣಕ್ಕಾಗಿ ಕಟ್ಟಬಾರದೇಕೆಂಬುದಷ್ಟೇ ನನ್ನ ಪ್ರಶ್ನೆ.

ನಾಳೆಯೇ ಡೊಂಬಿವಲಿಯಲ್ಲಿ ಇಂತಹ ಕೋಣೆಯನ್ನು ತೆರೆಯಬೇಕೆಂದು ನಾನು ಹೇಳುವುದಿಲ್ಲ. 25 ಮತ್ತು 27ನೆಯ ಕಲಮುಗಳು ತಿದ್ದುಪಡಿಯಾಗದೆ ಅದು ಸಾಧ್ಯವೂ ಅಲ್ಲ. ಬದಲಿ ಔಷಧವನ್ನು ಕೊಡುವ ಸರಕಾರಿ ಆಸ್ಪತ್ರೆಯೊಂದರ ಆವರಣದಲ್ಲಿ, ಕಾಲಮಿತಿಯಿಂದ, ವೈದ್ಯರ ಹೊಣೆಯಲ್ಲಿ ಪರೀಕ್ಷಾರ್ಥವಾಗಿ ನಡೆಸಿ ನೋಡಲು ಶಾಸನಸಭೆಗಳು ಚರ್ಚೆಯನ್ನಾದರೂ ಆರಂಭಿಸಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಈ ನಗರಗಳಲ್ಲಿ ಒಂದೊಂದು ಕೋಣೆಗಾಗಿ ಅಲೆದ ನೆನಪು ನಮ್ಮ ಜನರಿಗೆ ಇನ್ನೂ ಅಳಿದಿಲ್ಲ. ಮುಂದೆ ಅಂತಹ ಅರ್ಜಿಯೊಂದು ನಮ್ಮ ಬಾಗಿಲಿಗೆ ಬಂದಾಗ, ಸಹಿಗೆ ಮುಂಚೆ ಸೇತುವೆಯವರೆಗೆ ಒಮ್ಮೆ ನಡೆದುಹೋಗಿ ಬರೋಣ.