ನುಡಿಯ ಭೇದವೂ ನಗೆಯ ಮರ್ಯಾದೆಯೂ

ಒಂದೇ ನುಡಿಯನ್ನಾಡುವವರು ಒಬ್ಬರ ಮಾತನ್ನೊಬ್ಬರು ಅನ್ಯಥಾ ಗ್ರಹಿಸಿದಾಗ ಹುಟ್ಟುವ ನಗೆಗೆ ಕನ್ನಡನಾಡಿನಲ್ಲಿ ಎಂದೂ ಕ್ಷಾಮವಿಲ್ಲ. ಮೈಸೂರಿನವರು ಧಾರವಾಡದ ನೆಂಟರನ್ನು ಬೆಳಗ್ಗೆ "ತಿಂಡಿ ಆಯಿತೆ?" ಎಂದು ಆದರದಿಂದಲೇ ಕೇಳುತ್ತಾರೆ, ಆ ಸೀಮೆಯಲ್ಲಿ ತಿಂಡಿಯೆಂಬುದಕ್ಕೆ ನವೆಯೆಂದೂ ಕಾಲುಕೆರೆದು ಜಗಳಕ್ಕೆ ಬರುವ ಚಪಲವೆಂದೂ ಅರ್ಥವಿರುವುದರಿಂದ ನೆಂಟರ ಹುಬ್ಬು ಗಂಟಿಕ್ಕುತ್ತದೆ. ಧಾರವಾಡದವರು "ಪುಟಾಣಿ ತಿನ್ರಿ" ಎಂದು ಹುರಿಗಡಲೆಯನ್ನು ಮುಂದಿಟ್ಟರೆ, ಪುಟಾಣಿಯೆಂದರೆ ಎಳೆಯ ಮಗುವೆಂದೇ ಬಲ್ಲ ಮೈಸೂರಿನವರು ಬೆಚ್ಚುತ್ತಾರೆ. ಮಂಗಳೂರಿನ ಕಡೆ "ಬೊಂಡ ಕುಡಿಯಿರಿ" ಎಂದರೆ ಎಳನೀರು ಕುಡಿಯಿರೆಂದರ್ಥ. ಬೋಂಡವನ್ನು ಎಣ್ಣೆಯಲ್ಲಿ ಕರಿದು ತಿನ್ನುವವರಿಗೆ ಅದನ್ನು ಕುಡಿಯುವ ಬಗೆ ಹೊಳೆಯದು.

ಇವುಗಳಲ್ಲಿ ಯಾವುದೂ ಅಪಶಬ್ದವಲ್ಲ. ತಿಂಡಿಯ ಎರಡು ಅರ್ಥಗಳ ಹಿಂದೆಯೂ 'ತಿನ್' ಧಾತುವೇ ಇದೆ. ಹುರಿಗಡಲೆಯ ಪುಟಾಣಿ ಮರಾಠಿಯ ಫುಟಾಣೆಯ ಬಂಧು. ಕರಾವಳಿಯ ಬೊಂಡ ತುಳುವಿನ ಸಹವಾಸದ್ದು. ಕನ್ನಡಗಳ ದೇಸಿ ಬೇರೆ ಬೇರೆಯಾದುದರಿಂದ ವಾಸುಕಿಗೂ ಅವುಗಳ ದೋಷವನ್ನು ಅರಿಯಲಾಗದೆ ಬೇಸರವಾದೀತೆಂದು ಕವಿರಾಜಮಾರ್ಗವು 9ನೆಯ ಶತಮಾನದಲ್ಲಿಯೇ ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ವಿಚಾರಣೀಯವಾದುದು ಈ ಸಾಮಗ್ರಿಯನ್ನು ಕವಿಯು ಬಳಸುವ ಬಗೆ. ಭರತಮುನಿಯು ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ 6 ಬಗೆಯಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹಂಚಿದ್ದಾನೆ. ಶೂದ್ರಕನ ಮೃಚ್ಛಕಟಿಕದಲ್ಲಿ ಶಕಾರನು ಸಕಾರವನ್ನೆಲ್ಲ ಶಕಾರವಾಗಿ ಉಚ್ಚರಿಸುತ್ತಾನೆ. ಆದರೆ ಪ್ರೇಕ್ಷಕರನ್ನು ನಗಿಸುವುದು ಆ ಉಚ್ಚಾರವೊಂದೇ ಅಲ್ಲ, ರಾಮಾಯಣ ಭಾರತಗಳನ್ನು ಕಲಸಿ ಆಡುವ ಅವನ ಅಹಂಕಾರ. ಅದೇ ನಾಟಕದ 6ನೆಯ ಅಂಕದಲ್ಲಿ ಕಾವಲಿನ ಚಂದನಕನು ಗಾಡಿಯೊಳಗೆ ಅಡಗಿದ್ದ ಆರ್ಯಕನನ್ನು ಕಂಡು, 'ಆರ್ಯ' ಎನ್ನಹೊರಟು, ಒಡನೆ 'ಆರ್ಯೆ' ಎಂದು ತಿದ್ದಿಕೊಳ್ಳುತ್ತಾನೆ. ಜೊತೆಗಾರ ವೀರಕನಿಗೆ ಸಂಶಯ ಬರಲು, ದಾಕ್ಷಿಣಾತ್ಯರಾದ ತಮ್ಮ ಮಾತು ಅಸ್ಫುಟವೆಂದು ಹಲವು ದೇಶಗಳ ಹೆಸರನ್ನು ಪಠಿಸುತ್ತಾನೆ. ಕರ್ಣಾಟವೂ ಅದರಲ್ಲಿ ಸೇರಿದೆ. ಅದೂ ಸಾಲದಾದಾಗ 'ಕರ್ಣಾಟಕಲಹ'ವನ್ನೇ ಹೂಡುತ್ತಾನೆ. ಇಲ್ಲಿ ನುಡಿಯ ತೊಡಕು ಶರಣಾಗತನ ಪ್ರಾಣವನ್ನು ಕಾಯುತ್ತದೆ. ನಗೆಯುಂಟು, ಆದರೆ ಆಡಿದವನು ಸಣ್ಣವನಾಗುವುದಿಲ್ಲ.

ಈ ವಿವೇಕವು ಇಂದಿನ ಅನೇಕ ನಗೆನಾಟಕಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ವಿರಳವಾಗಿದೆ. ನಾಯಕನಿಗೆ ಬೆಂಗಳೂರು ಮೈಸೂರುಗಳ ನುಡಿ. ಧಾರವಾಡ, ಕಲಬುರಗಿ, ಕುಂದಾಪುರಗಳ ನುಡಿ ಆಳಿಗೋ ಹೆಡ್ಡನಿಗೋ ಮೀಸಲು. ಮಾತಿನ ಅರ್ಥಕ್ಕೆ ಕಾಯದೆ, ಅದರ ಧಾಟಿ ಕಿವಿಗೆ ಬಿದ್ದೊಡನೆ ಸಭೆ ನಗುತ್ತದೆ. ಇದು ಕೇವಲ ಅಭಿರುಚಿಯ ದೋಷವಲ್ಲ. 1956ರಲ್ಲಿ ನಾಡು ಒಂದಾಯಿತು. ಆದರೆ ಅದರ ಒಂದು ಭಾಗದ ಮಗು ತನ್ನ ತಾಯಿ ಆಡುವ ಮಾತಿಗೆ ಶಾಲೆಯಲ್ಲಿ ನಾಚಿಕೊಳ್ಳುವಂತಾದರೆ ಆ ಒಗ್ಗಟ್ಟಿಗೆ ಅರ್ಥವೆಲ್ಲಿ? ಪ್ರಾಂತದ ನುಡಿ ನಗಿಸುವುದಕ್ಕೆ ಮಾತ್ರ ತಕ್ಕುದೆಂಬುದೂ ಸುಳ್ಳು. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಶೋಕವನ್ನೂ ಹಾಡಿದರು. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡಿನ ಸೀಮೆಯ ಮಾತಿನಲ್ಲಿಯೇ ನಡೆಯುತ್ತದೆ.

ಆದುದರಿಂದ ಇಂಥ ಹಾಸ್ಯವನ್ನು ಪರೀಕ್ಷಿಸುವವರು ಪಾತ್ರಗಳ ಸ್ಥಾನವನ್ನು ಅದಲುಬದಲು ಮಾಡಿ ನೋಡಬೇಕು. ಬೊಂಡ ಕುಡಿಯುವವನೂ ಬೋಂಡ ತಿನ್ನುವವನೂ ಸಮನಾಗಿ ಪೆಚ್ಚಾಗಿ, ಕಡೆಗೆ ಇಬ್ಬರೂ ಕೂಡಿ ನಕ್ಕರೆ ಅದು ಸಹೃದಯರಿಗೆ ಒಪ್ಪುವ ಹಾಸ್ಯ. ಸ್ಥಾನ ಬದಲಾದೊಡನೆ ನಗೆ ನಿಂತುಹೋದರೆ, ಅಲ್ಲಿದ್ದುದು ಬರಿಯ ಹೀಯಾಳಿಕೆಯೆಂದು ತಿಳಿಯಬೇಕು.