ಪಟ್ಟಿಯ ಹೆಸರೂ ತಾಂಡಾದ ಮಾತೂ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿ ಸಮಾಜವು ಭಕ್ತಿಯಿಂದ ನಡೆದುಕೊಳ್ಳುವ ಕ್ಷೇತ್ರ. ಅವರ ಜನನವು 1739ರಲ್ಲಾಯಿತೆಂಬುದು ಪರಂಪರೆಯ ಎಣಿಕೆ. ಅವರನ್ನು ಕುರಿತ ಕಥನಗಳು ಸ್ವಂತ ಲಿಪಿಯಿಲ್ಲದ ಗೋರ್ ಬೋಲಿಯಲ್ಲಿ ಬಾಯಿಂದ ಬಾಯಿಗೆ ಸಾಗಿಬಂದಿವೆ. ಇವನ್ನು ಜಾನಪದ ಸಾಮಗ್ರಿಯೆಂದು ಸಂಗ್ರಹಿಸಿ ಅಲ್ಲಿಗೇ ನಿಲ್ಲುವುದು ನಮ್ಮ ವಿಮರ್ಶೆಯ ವಾಡಿಕೆ. ಆದರೆ ಇವುಗಳಲ್ಲಿ ಆತ್ಮಗೌರವವನ್ನು ಕುರಿತ ಒಂದು ವಾದವೇ ಅಡಗಿದೆ.

ಪ್ರಸಿದ್ಧವಾದ ಪ್ರಸಂಗವೊಂದನ್ನು ನೋಡಬಹುದು. ಮರಿಯಮ್ಮ ದೇವಿಯು ಸೇವಾಲಾಲರನ್ನು ತನ್ನ ಭಕ್ತನಾಗೆಂದು ಕೇಳುತ್ತಾಳೆ; ಅವರು ಒಪ್ಪುವುದಿಲ್ಲ. ತಾಂಡಾಕ್ಕೆ ಸಂಕಟಗಳು ಬಂದೊದಗುತ್ತವೆ. ಕೊನೆಗೆ ತಾಂಡಾದ ಹಿತಕ್ಕಾಗಿ ಅವರು ಒಪ್ಪುತ್ತಾರೆ. ಇದನ್ನು ಭಕ್ತಿಯ ವಿಜಯವೆಂದಷ್ಟೇ ಓದಿದರೆ ಕಥೆಯ ಅರ್ಧಭಾಗ ಕೈತಪ್ಪುತ್ತದೆ. ಸೇವಾಲಾಲರು ತಮಗಾಗಿ ಏನನ್ನೂ ಬೇಡಲಿಲ್ಲ. ಸಮೂಹಕ್ಕಾಗಿ ಪಡೆದದ್ದರಿಂದ ಅವರ ನಾಯಕತ್ವ ಕುಂದಿತೆಂದು ತಾಂಡಾ ಎಂದೂ ಎಣಿಸಲಿಲ್ಲ.

ಮೀಸಲಾತಿಯ ಚರ್ಚೆಗೆ ಈ ಅಂಶವು ನೇರವಾಗಿ ಸಂಬಂಧಿಸುತ್ತದೆ. ಸೌಲಭ್ಯವನ್ನು ಪಡೆದವರು ಸ್ವಾಭಿಮಾನವನ್ನು ಕಳೆದುಕೊಳ್ಳುವರೆಂಬ ಆಕ್ಷೇಪ ಇಲ್ಲಿಯದು ಮಾತ್ರವಲ್ಲ. ಅಮೆರಿಕದಲ್ಲಿ 1966ರಲ್ಲಿ ಸ್ಟೋಕ್ಲಿ ಕಾರ್ಮೈಕಲ್ ಅವರು ಕರಿಯರ ಶಕ್ತಿಯ ಘೋಷಣೆಯನ್ನು ಮೊಳಗಿಸಿದಾಗ, ತಮ್ಮನ್ನು ತಾವೇ ಹೆಸರಿಸಿಕೊಳ್ಳುವ ಹಕ್ಕು ಅದರ ತಿರುಳಾಗಿತ್ತು. ಆ ದಶಕದಲ್ಲಿಯೇ ಸರ್ಕಾರವು ಉದ್ಯೋಗಗಳಲ್ಲಿ ವರ್ಣಭೇದವನ್ನು ನೀಗುವ ಕ್ರಮಗಳನ್ನು ವಿಧಿಸಿತು. ಇವೆರಡೂ ಪರಸ್ಪರ ವಿರುದ್ಧವೆಂಬ ವಾದ ಅಂದಿನಿಂದಲೂ ಕೇಳಿಬರುತ್ತಿದೆ. 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ವರ್ಣವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ನಿಂದೆಗೆ ಬಳಕೆಯಾಗುತ್ತಿದ್ದ ಪದವನ್ನೇ ಹೆಮ್ಮೆಯ ಪದವಾಗಿ ಎತ್ತಿಕೊಳ್ಳುವ ರೀತಿ ಶರಣಸಾಹಿತ್ಯದ ಓದುಗರಿಗೆ ಅಪರಿಚಿತವಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳಲ್ಲಿ ಕುಲಸೂಚಕವು ಅಳಿಯಲಿಲ್ಲ, ಅದರ ಅರ್ಥ ಬದಲಾಯಿತು.

ಗುಲಾಮಗಿರಿಯ ಇತಿಹಾಸವನ್ನೂ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಸಂಚರಿಸಿದ ವರ್ತಕರ ಇತಿಹಾಸವನ್ನೂ ಒಂದೇ ಎನ್ನಲಾಗದು. ರೈಲು ಬಂದು ಆ ವ್ಯಾಪಾರ ಮುರಿದ ಮೇಲೆ ತಾಂಡಾಗಳು ಬಡತನಕ್ಕಿಳಿದವು. ಈ ಜನರು ತಮ್ಮನ್ನು ಗೋರ್ ಎಂದು ಕರೆದುಕೊಳ್ಳುತ್ತಾರೆ. ಸರ್ಕಾರಗಳ ಕಡತಗಳಲ್ಲಿಯಾದರೋ ಇವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪಟ್ಟಿಯು ಹಕ್ಕನ್ನು ಕೊಡಬಲ್ಲದು, ಹೆಸರನ್ನು ಕೊಡಲಾರದು.

ಅಸ್ಪೃಶ್ಯತೆಯ ನೋವನ್ನು ಉಣ್ಣದವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವುದೇಕೆ ಎಂಬ ಪ್ರಶ್ನೆಯನ್ನು ಹೊಲೆಯ, ಮಾದಿಗ ಸಮಾಜಗಳವರು ಎತ್ತುತ್ತಾರೆ. ಅದನ್ನು ಅಸೂಯೆಯೆಂದು ಬದಿಗೊತ್ತುವುದು ನ್ಯಾಯವಲ್ಲ. ಊರ ಬಾವಿಯಿಂದ ದೂರವಿರಿಸಲ್ಪಟ್ಟವನ ಅನುಭವವೂ ಊರಿನ ಹೊರಗೆ ತನ್ನದೇ ನಾಯಕನೊಡನೆ ಬಾಳಿದವನ ಅನುಭವವೂ ಬೇರೆ. 2024ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಒಳವರ್ಗೀಕರಣಕ್ಕೆ ಅನುಮತಿಯಿತ್ತ ಮೇಲೆ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗವು ವರದಿಯನ್ನು ಸಲ್ಲಿಸಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟವು ಶೇಕಡಾ 17ನ್ನು 6, 6, 5 ಎಂದು ಹಂಚಲು ನಿರ್ಧರಿಸಿತು. ಪ್ರತ್ಯೇಕ ಪಾಲು ದೊರೆತುದರಿಂದಲೇ ತಾಂಡಾಕ್ಕೆ ಅಪಮಾನವಾಯಿತೆನ್ನಲು ಆಧಾರವಿಲ್ಲ. ಪಾಲಿನ ಪ್ರಮಾಣವನ್ನು ಪ್ರಶ್ನಿಸುವುದು ಬೇರೆ, ಹಂಚಿಕೆಯ ತತ್ತ್ವವನ್ನೇ ನಿರಾಕರಿಸುವುದು ಬೇರೆ.

ಈ ಹಂಚಿಕೆಯಲ್ಲಿ ಹೆಚ್ಚು ಕಳವಳಕ್ಕೆ ಕಾರಣವಾದುದು ಮತ್ತೊಂದು. ಆಯೋಗವು 59 ಸಣ್ಣ ಅಲೆಮಾರಿ ಸಮುದಾಯಗಳಿಗೆಂದು ಶೇಕಡಾ 1ನ್ನು ಬೇರೆಯಾಗಿಯೇ ಸೂಚಿಸಿತ್ತು. ಸಂಪುಟದ ನಿರ್ಧಾರವು ಅವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರೊಡನೆ ಶೇಕಡಾ 5ರ ಗುಂಪಿಗೆ ಸೇರಿಸಿತು. ಸೂರಗೊಂಡನಕೊಪ್ಪದ ಜಾತ್ರೆಗೆ ಸಾವಿರಾರು ಜನ ಸೇರುತ್ತಾರೆ. ಸಮಾಜದ ಶಾಸಕರು ಸದನದಲ್ಲಿ ಮಾತನಾಡಬಲ್ಲರು. ಆ 59ರಲ್ಲಿ ಅನೇಕರಿಗೆ ಅಂಥ ಕ್ಷೇತ್ರವೂ ಇಲ್ಲ, ಸದನದಲ್ಲಿ ದನಿಯೂ ಇಲ್ಲ. ಸಮೂಹದ ಹಿತಕ್ಕಾಗಿ ದೇವಿಯ ಮಾತಿಗೆ ಒಪ್ಪಿದ ಸಂತನ ಕಥೆಯನ್ನು ಹಾಡುವವರು ಸಮೂಹವೆಂಬ ಮಾತಿನ ಗಡಿಯನ್ನು ಎಲ್ಲಿ ಎಳೆಯುವರು?