ಜಗುಲಿಯ ಮುದುಕಿಯರು ಹೇಳಿದ್ದು

ಅಲೆಕ್ಸ್ ಹೇಲಿಯ ‘ರೂಟ್ಸ್’ ಪುಸ್ತಕವನ್ನು ನಾನು ಮೊದಲ ಸಲ ಓದಿದ್ದು ಎರಡನೆಯ ಬಾಣಂತನಕ್ಕೆ ತವರಿಗೆ ಹೋದಾಗ. ಅಣ್ಣ ಧಾರವಾಡದಿಂದ ತಂದಿಟ್ಟಿದ್ದ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದು ಕೈಯಲ್ಲಿ ಆ ದಪ್ಪ ಇಂಗ್ಲಿಷ್ ಪುಸ್ತಕ. ಓಡಿಹೋಗಲು ನೋಡಿದ ತಪ್ಪಿಗೆ ಕುಂಟಾ ಕಿಂಟೆಯ ಪಾದವನ್ನೇ ಕಡಿದುಹಾಕುವ ಪುಟಗಳನ್ನು ಹೇಗೋ ಹಲ್ಲುಕಚ್ಚಿ ದಾಟಿದೆ. ಆದರೆ ಅವನ ಮಗಳು ಕಿಜ್ಜಿಯನ್ನು, ಹದಿನಾರರ ಹುಡುಗಿಯನ್ನು, ತಾಯಿ ಬೆಲ್ ಗೋಗರೆಯುತ್ತಿದ್ದಂತೆಯೇ ಮಾರಿ ಗಾಡಿಯಲ್ಲಿ ಕೊಂಡೊಯ್ಯುವಾಗ ನನ್ನಿಂದ ತಡೆಯಲಾಗಲಿಲ್ಲ. ಆಯಿ ಬಂದು ಪುಸ್ತಕ ಕಸಿದುಕೊಂಡಳು. “ಬಾಣಂತಿ ಕಣ್ಣೀರು ಹಾಕಬಾರದು, ಕಣ್ಣಿಗೆ ಗಾಳಿ ಹೊಗತೈತಿ. ಸತ್ತವರ ಕತಿ ಓದಾಕ ಇದೇನ ವ್ಯಾಳ್ಯಾನ?”

ಎರಡನೆಯ ಸಲ ಓದಿದ್ದು ಆಗ ತೊಟ್ಟಿಲಲ್ಲಿದ್ದ ಮಗಳ ಬಾಣಂತನಕ್ಕೆ ವರ್ಜೀನಿಯಾಕ್ಕೆ ಹೋದಾಗ. ಕಾಕತಾಳೀಯವೇ ಇರಲಿ, ಹೇಲಿಯ ಕತೆ ನಡೆಯುವುದೂ ಅದೇ ರಾಜ್ಯದಲ್ಲಿ. ಈ ಸಲ ಕಣ್ಣೀರಿಗಿಂತ ಸಿಟ್ಟು ಹೆಚ್ಚು ಬಂತು. ಆ ಸಿಟ್ಟು ಯಾರ ಮೇಲೆ ಎಂದು ಬಿಡಿಸಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓದದವರಿಗಾಗಿ ಎರಡು ಮಾತು. ಹೇಲಿ ಬಾಲ್ಯದಲ್ಲಿ ಟೆನೆಸ್ಸೀ ರಾಜ್ಯದ ಹೆನಿಂಗ್ ಎಂಬ ಸಣ್ಣ ಊರಿನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವನು. ಬೇಸಿಗೆಯ ಸಂಜೆ ಅಜ್ಜಿ ಸಿಂಥಿಯಾ, ಅವಳ ಅಕ್ಕಂದಿರು, ಬಂದುಹೋಗುವ ನೆಂಟ ಹೆಂಗಸರು ಎಲ್ಲ ಜಗುಲಿಯ ಮೇಲೆ ಕೂತು ಮನೆತನದ ಕತೆ ಹೇಳುತ್ತಿದ್ದರು. ಆ ಕತೆಯ ತುದಿಯಲ್ಲಿ ಒಬ್ಬ ‘ಆಫ್ರಿಕದವನು’. ಅವನ ಹೆಸರು ಕಿನ್-ಟೇ. ಡೋಲು ಮಾಡಲು ಮರ ಕಡಿಯಲು ಹೋದವನನ್ನು ಹಿಡಿದು ಹಡಗಿನಲ್ಲಿ ತಂದರು. ಗಿಟಾರಿಗೆ ‘ಕೋ’ ಅನ್ನುತ್ತಿದ್ದ. ಒಡೆಯರು ಅವನಿಗೆ ಟೋಬಿ ಎಂದು ಹೆಸರಿಟ್ಟರು. ಹೇಲಿಯ ತಾಯಿಗೆ ಮಾತ್ರ ಈ ಗುಲಾಮಗಿರಿಯ ಹಳೇ ಪುರಾಣ ಕೇಳಿದರೆ ಮುಜುಗರ. ಓದಿದ ಮಗಳಿಗೂ ಮುದುಕಿಗೂ ಅದಕ್ಕೇ ಜಗಳ. ನಮ್ಮ ಮನೆಗಳಲ್ಲೂ ಇಂಥ ಜಗಳ ನೀವು ಕೇಳಿರುತ್ತೀರಿ.

ಮುಂದೆ ಹೇಲಿ ಈ ಕತೆಯ ಜಾಡು ಹಿಡಿದು ಹೊರಟ. ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ 1870ರ ಜನಗಣತಿ ತೆಗೆದು ನೋಡಿದರೆ, ನಾರ್ತ್ ಕೆರೊಲಿನಾದ ಅಲಮಾನ್ಸ್ ಕೌಂಟಿಯ ಹಾಳೆಯಲ್ಲಿ ಕಮ್ಮಾರ ಟಾಮ್ ಮರ್ರೆ, ಹೆಂಡತಿ ಐರೀನ್, ಮಕ್ಕಳು! ಅಜ್ಜಿಯ ಜೊತೆ ಜಗುಲಿಯಲ್ಲಿ ಕೂರುತ್ತಿದ್ದ ದೊಡ್ಡಮ್ಮನ ಹೆಸರು ಸರಕಾರದ ಕಾಗದದಲ್ಲಿ ಆರು ವರ್ಷದ ಹುಡುಗಿಯಾಗಿ ಕೂತಿತ್ತು. ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಬರುವ ಈ ಹುಡುಕಾಟವೇ ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ.

ಆ ಹಾಳೆಯ ಬೆಲೆ ತಿಳಿಯಬೇಕಾದರೆ ಅಲ್ಲಿನ ದಾಖಲೆಗಳ ಬಗೆ ಸ್ವಲ್ಪ ತಿಳಿಯಬೇಕು. ಕೌಂಟಿ ಎಂದರೆ ನಮ್ಮ ತಾಲ್ಲೂಕು–ಜಿಲ್ಲೆಗಳ ನಡುವಿನ ಒಂದು ಘಟಕ ಅನ್ನಿ. ಜಮೀನಿನ ಪತ್ರ, ಮೃತ್ಯುಪತ್ರ, ಮದುವೆಯ ದಾಖಲೆ, ತೆರಿಗೆ ಪಟ್ಟಿ, ಸತ್ತವರ ಆಸ್ತಿಯ ಯಾದಿ ಎಲ್ಲವೂ ಕೌಂಟಿಯ ಕೋರ್ಟಿನಲ್ಲಿ. ಜನಗಣತಿಯಲ್ಲಿ 1850ಕ್ಕಿಂತ ಮೊದಲು ಮನೆಯ ಯಜಮಾನನ ಹೆಸರೊಂದೇ. ಹೆಂಡತಿ, ಮಕ್ಕಳು ಬರೀ ಸಂಖ್ಯೆ. 1850ರಿಂದ ಮನೆಮಂದಿಯೆಲ್ಲರ ಹೆಸರು ಬಂತು, ಆದರೆ ಸ್ವತಂತ್ರರಿಗೆ ಮಾತ್ರ. ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೆ. ಗುಲಾಮರಾಗಿದ್ದವರೆಲ್ಲ ಹೆಸರು ಹೊತ್ತು ಜನಗಣತಿಗೆ ಬಂದದ್ದು 1870ರಲ್ಲಿ. ಅದರ ಹಿಂದಕ್ಕೆ ಗೋಡೆ. ಗೋಡೆ ದಾಟಬೇಕಾದರೆ ಒಡೆಯನ ಕಾಗದಪತ್ರಗಳನ್ನೇ ಜಾಲಾಡಬೇಕು. ನಿನ್ನ ಮುತ್ತಜ್ಜಿ ಸಿಗುವುದು ಇನ್ನೊಬ್ಬನ ಎತ್ತು, ಹಾಸಿಗೆ, ಪಾತ್ರೆಗಳ ಯಾದಿಯ ನಡುವೆ.

ಹೇಲಿಯೂ ಹಾಗೇ ಮಾಡಿದ. ವರ್ಜೀನಿಯಾದ ಸ್ಪಾಟ್ಸಿಲ್ವೇನಿಯಾ ಕೌಂಟಿಯ 1768ರ ಸೆಪ್ಟೆಂಬರ್ 5ರ ಒಂದು ಪತ್ರ ಅವನಿಗೆ ಸಿಕ್ಕಿತು. ಜಾನ್ ವಾಲರ್ ಮತ್ತು ಅವನ ಹೆಂಡತಿ ಆನ್ ಸೇರಿ ವಿಲಿಯಂ ವಾಲರನಿಗೆ 240 ಎಕರೆ ಜಮೀನನ್ನೂ ಇತರ ವಸ್ತುಗಳನ್ನೂ ಬರೆದುಕೊಟ್ಟದ್ದು. ಅದರ ಎರಡನೆಯ ಪುಟದಲ್ಲಿ ಟೋಬಿ ಎಂಬ ಒಬ್ಬ ಗುಲಾಮ. ಇನ್ನು ಹಡಗು ಬೇಕಲ್ಲ? 1767ರ ಜುಲೈಯಲ್ಲಿ ಗ್ಯಾಂಬಿಯಾದಿಂದ 140 ಜನರನ್ನು ತುಂಬಿಕೊಂಡು ಹೊರಟು ಸೆಪ್ಟೆಂಬರ್ 29ಕ್ಕೆ ಅನಾಪೊಲಿಸ್ ತಲುಪಿದ ‘ಲಾರ್ಡ್ ಲಿಗೊನಿಯರ್’ ಸಿಕ್ಕಿತು. ತಲುಪಿದಾಗ ಉಳಿದಿದ್ದವರು 98. ಹೇಲಿ ಎರಡನ್ನೂ ಗಂಟು ಹಾಕಿದ. 1976ರಲ್ಲಿ ಪುಸ್ತಕ ಬಂತು, 1977ರಲ್ಲಿ ಎಂಟು ರಾತ್ರಿಗಳ ಟೀವಿ ಧಾರಾವಾಹಿ, ಪುಲಿಟ್ಜರ್‌ನ ವಿಶೇಷ ಗೌರವ. ಅಮೆರಿಕೆಯ ಕಪ್ಪು ಜನ ಮಾತ್ರವಲ್ಲ, ಬಿಳಿಯರೂ ತಮ್ಮ ತಮ್ಮ ಕೌಂಟಿಯ ಕೋರ್ಟಿಗೆ ಅಜ್ಜ–ಮುತ್ತಜ್ಜಂದಿರನ್ನು ಹುಡುಕಿಕೊಂಡು ನಡೆದರು.

ಆಮೇಲೆ ಬಂದವರು ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೌನ್ ಮಿಲ್ಸ್ ದಂಪತಿ. ಅವನು ಇತಿಹಾಸಕಾರ, ಅವಳು ವಂಶಾವಳಿ ಶೋಧದಲ್ಲಿ ನುರಿತವಳು. ಅವೇ ಕೌಂಟಿಯ ಕಾಗದಗಳನ್ನು ಮತ್ತೆ ಓದಿ 1981ರಲ್ಲಿ ಬರೆದರು: ವಾಲರ್ ಮನೆತನದ ಟೋಬಿ 1762ರಲ್ಲೇ ದಾಖಲೆಯಲ್ಲಿದ್ದಾನೆ! ಹಡಗು ಬರುವುದಕ್ಕೆ ಐದು ವರ್ಷ ಮೊದಲು. ಕಾದಂಬರಿಯಲ್ಲಿ ಕಿಜ್ಜಿ ಹುಟ್ಟುವುದು 1790ರಲ್ಲಿ. 1782ರ ತೆರಿಗೆ ಪಟ್ಟಿಯಲ್ಲೇ ಟೋಬಿಯ ಸುಳಿವಿಲ್ಲ. ಗ್ಯಾಂಬಿಯಾದ ಜುಫುರೆಯಲ್ಲಿ ಹೇಲಿಗೆ ಕುಂಟಾನ ಕತೆ ಹೇಳಿದ ಮುದುಕನ ಮಾತೂ ನಂಬಲರ್ಹವಲ್ಲವೆಂದು ಬೇರೆಯವರು ತೋರಿಸಿದರು. ಇನ್ನೊಬ್ಬ ಲೇಖಕನ ಕಾದಂಬರಿಯಿಂದ ಎತ್ತಿದ ಸಾಲುಗಳ ಮೊಕದ್ದಮೆ 1978ರಲ್ಲಿ ಆರೂವರೆ ಲಕ್ಷ ಡಾಲರಿಗೆ ರಾಜಿಯಾಗಿತ್ತು. ಹೇಲಿ ತನ್ನದು ಸತ್ಯವೂ ಹೌದು ಕಲ್ಪನೆಯೂ ಹೌದು ಎಂಬಂತೆ ‘ಫ್ಯಾಕ್ಷನ್’ ಎಂದು ಹೊಸ ಹೆಸರಿಟ್ಟ.

ಇಲ್ಲಿಗೆ ನನ್ನ ಸಿಟ್ಟಿನ ಒಂದು ಎಳೆ ಸಿಕ್ಕಿತು. ಹಲವರು ಇದನ್ನೆಲ್ಲ ಓದಿ ‘ಅಜ್ಜಿ ಕತೆ ನಂಬಿದರೆ ಹೀಗೇ’ ಎಂದು ನಕ್ಕರು. ಆದರೆ ಅಜ್ಜಿಯರು ಲಾರ್ಡ್ ಲಿಗೊನಿಯರ್ ಎಂದು ಎಲ್ಲಿ ಹೇಳಿದ್ದರು? 1767 ಎಂದು ಎಲ್ಲಿ ಹೇಳಿದ್ದರು? ಅವರ ಕತೆಯಲ್ಲಿ ಇಸವಿಯೇ ಇರಲಿಲ್ಲ. ಇಸವಿ ತಂದು ಅಂಟಿಸಿದವನು ಮೊಮ್ಮಗ. ಒಂದು ಹಡಗಿಗೂ ಒಂದು ಪತ್ರಕ್ಕೂ ವರ್ಷ ಹೊಂದಿತು ಅನ್ನುವಷ್ಟಕ್ಕೆ ಹುಡುಕುವುದನ್ನು ನಿಲ್ಲಿಸಿದವನೂ ಅವನೇ. ಮಿಲ್ಸ್ ದಂಪತಿ ಮಾಡಿದ್ದು ಸರಿ. ಕಾಗದ ಕೇಳಲು ಹೋದಮೇಲೆ ಕಾಗದ ಹೇಳಿದ್ದನ್ನು ಪೂರ್ತಿ ಕೇಳಬೇಕು. ಅಜ್ಜಿ ಹೇಳಿದ್ದನ್ನು ಅಜ್ಜಿ ಹೇಳಿದಷ್ಟೇ ಇಟ್ಟಿದ್ದರೆ ಹೇಲಿಗೆ ಏನು ಕಡಿಮೆಯಾಗುತ್ತಿತ್ತು?

ಎರಡನೆಯ ಎಳೆ ಕಾದಂಬರಿಯ ಒಳಗಿನದು. ಕತೆ ಉಳಿಸಿದವರು ಹೆಂಗಸರು, ಪುಸ್ತಕ ಗಂಡಸರದು. ಅರ್ಧಕ್ಕಿಂತ ಹೆಚ್ಚು ಪುಟ ಕುಂಟಾನವು. ಅವನು ಕಲ್ಲುಹರಳು ಹಾಕಿ ತಿಂಗಳು ಎಣಿಸುವುದು, ಮಗಳಿಗೆ ತನ್ನ ಭಾಷೆಯ ಮಾತು ಕಲಿಸುವುದು, ಇವೆಲ್ಲ ನಿಜಕ್ಕೂ ಚೆಂದ. ಆದರೆ ಕಿಜ್ಜಿ ಮಾರಾಟವಾಗಿ ಹೊಸ ಒಡೆಯನ ಅತ್ಯಾಚಾರಕ್ಕೆ ಸಿಕ್ಕಿ ಒಂದು ಮಗುವನ್ನು ಹೆತ್ತಳೋ ಇಲ್ಲವೋ, ಲೇಖಕನಿಗೆ ಅವಳ ಮೇಲಿನ ಆಸಕ್ತಿ ತೀರಿಹೋಗುತ್ತದೆ. ಆ ಮಗ ಜಾರ್ಜ್ ಹುಂಜ ಸಾಕುವವನಾಗುತ್ತಾನೆ. ಆಮೇಲೆ ಪುಟಪುಟ ಹುಂಜದ ಕಾಳಗ! ಹುಂಜದ ರೆಕ್ಕೆಪುಕ್ಕ ಬಲ್ಲಷ್ಟು ಹೇಲಿ ಕಿಜ್ಜಿಯ ಮನಸ್ಸನ್ನು ಬಲ್ಲನೇ? ತಂದೆಯ ಮಾತುಗಳನ್ನು ಆ ಮಗನ ಕಿವಿಗೆ ಹಾಕಿದವಳು ಅವಳು. ಯಾವ ಗಳಿಗೆಯಲ್ಲಿ, ಯಾವ ಕೆಲಸದ ನಡುವೆ, ಯಾವ ಹಟದಿಂದ ಹೇಳಿದಳೋ? ಅದನ್ನು ಬರೆಯಬೇಕಿತ್ತು.

ಓದುವಾಗ ನಮ್ಮೂರಿನ ಹೆಳವ ನೆನಪಾಗುತ್ತಲೇ ಇದ್ದ. (ಕುಂಟಾ, ಹೆಳವ, ಕನ್ನಡದ ಕಿವಿಗೆ ಎರಡೂ ಕಾಲಿಲ್ಲದವರ ಹೆಸರೇ.) ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದ. ಗಂಟೆ ಬಾರಿಸಿ, ಹೊತ್ತಿಗೆ ಬಿಚ್ಚಿ, ನಮ್ಮ ಮನೆತನ ಎಲ್ಲಿಂದ ಬಂತು, ಯಾರ ಮಗ ಯಾರು ಎಂದು ರಾಗವಾಗಿ ಹೇಳಿ, ಕಾಳುಕಡಿ ಹಾಕಿಸಿಕೊಂಡು ಹೋಗುತ್ತಿದ್ದ. ಒಮ್ಮೆ ಆಯಿ ಮೊರದಲ್ಲಿ ಜೋಳ ತಂದವಳು ಕೇಳಿದಳು. “ನನ್ನ ಹೆಸರ ಬರಲೇ ಇಲ್ಲಲ್ಲೋ ತಮ್ಮಾ?” ಅವನು ನಕ್ಕು, “ಹೆಣ್ಮಕ್ಕಳ ಹೆಸರು ಹೊತ್ತಿಗಿಯೊಳಗ ಬರೂದಿಲ್ರಿ ಯವ್ವಾ” ಅಂದ. ಆಯಿ ಜೋಳ ಸುರಿದಳು. “ಹಂಗಾರ ಈ ಜ್ವಾಳ ಯಾರು ಹಾಕಿದ್ರಂತ ಬರಕೋತಿ?”

ವರ್ಜೀನಿಯಾದಲ್ಲಿ ಅಳಿಯ ಒಂದು ದಿನ ಒಂದು ಕೌಂಟಿ ಕೋರ್ಟಿಗೆ ಕರೆದೊಯ್ದ. ಎರಡು ಕೈಯಲ್ಲಿ ಎತ್ತಬೇಕಾದ ಹೊತ್ತಿಗೆಗಳು. ಕೊಟ್ಟವರ ಹೆಸರಿಗೊಂದು, ಕೊಂಡವರ ಹೆಸರಿಗೊಂದು ಅನುಕ್ರಮಣಿಕೆ. ಯಾರು ಬೇಕಾದರೂ ತೆಗೆದು ನೋಡಬಹುದು. ಹಳೆಯ ಪತ್ರಗಳ ಕೊನೆಗೆ ಒಂದು ಮಾತು ಪದೇ ಪದೇ ಬರುತ್ತಿತ್ತು. ಗಂಡ ಜಮೀನು ಮಾರುವಾಗ ಹೆಂಡತಿ ಅದರ ಮೇಲಿನ ತನ್ನ ಹಕ್ಕು ಬಿಡಬೇಕು. ಬಿಡುವ ಮೊದಲು ಅವಳನ್ನು ಗಂಡನಿಂದ ದೂರ ಕರೆದು, ನೀನು ಮನಃಪೂರ್ವಕ ಬಿಡುತ್ತಿದ್ದೀಯಾ, ಒತ್ತಾಯವಿಲ್ಲವಷ್ಟೆ ಎಂದು ಕೇಳಬೇಕು. ಕೇಳಿದೆವು ಎಂದು ಬರೆದಿರಬೇಕು. ಎಷ್ಟು ಜನ ‘ಒತ್ತಾಯವಿದೆ’ ಎಂದರೋ ಯಾರು ಬಲ್ಲರು! ಆದರೂ ಕೇಳಿದ್ದರು. ಒಂದು ಪತ್ರದಲ್ಲಂತೂ ಮೇಲಿನ ಪುಟದಲ್ಲಿ ಒಬ್ಬ ಹೆಂಗಸನ್ನೂ ಅವಳ ಕೂಸನ್ನೂ ಮಾರಿತ್ತು. ಕೆಳಗೆ ಒಡತಿಯನ್ನು ದೂರ ಕರೆದು ಅವಳ ಇಷ್ಟ ಕೇಳಿತ್ತು. ಆ ಪುಟದ ಮುಂದೆ ನಾನು ಬಹಳ ಹೊತ್ತು ನಿಂತೆ. ಅಳಿಯ ಪಾಪ, ಸುಸ್ತಾಯಿತೇನೋ ಎಂದು ಕುರ್ಚಿ ತಂದ.

ಸುಸ್ತಲ್ಲ. ಅಪ್ಪ ತೀರಿಕೊಂಡ ಮರುವರ್ಷ, 1998ರಲ್ಲಿ, ನಾವು ಅಕ್ಕತಂಗಿಯರಿಬ್ಬರೂ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆವು. ಬೆಳಗ್ಗೆ ಅತ್ತಿಗೆ ಉಡಿ ತುಂಬಿ, ಸೀರೆ ಕೊಟ್ಟಳು. ಕಚೇರಿಯಲ್ಲಿ ಅಣ್ಣ ಪಕ್ಕದಲ್ಲೇ ನಿಂತಿದ್ದ. ಗುಮಾಸ್ತ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದೆವು. ಆ ಕಡೆ ಬಾರಮ್ಮಾ, ನಿನ್ನ ಮನಸ್ಸಿನಲ್ಲೇನಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಇದೆ ಅನ್ನುತ್ತಿರಲಿಲ್ಲವೇನೋ. ಅಣ್ಣ ಕೆಟ್ಟವನಲ್ಲ. ಆ ಪುಸ್ತಕವನ್ನು ತಂದುಕೊಟ್ಟವನೂ ಅವನೇ.

ಅಮೆರಿಕೆಯಿಂದ ಬಂದಮೇಲೆ ತವರಿಗೆ ಹೋದಾಗ ಮನೆಯ ಕಾಗದದ ಟ್ರಂಕು ತೆಗೆಸಿದೆ. ಅಪ್ಪ ಇದ್ದಾಗಲೇ ಮಾಡಿಸಿದ್ದ ವಂಶಾವಳಿ ಇತ್ತು. ಅಜ್ಜನ ಕೆಳಗೆ ಅಪ್ಪ, ಕಾಕಾ. ಅಪ್ಪನ ಕೆಳಗೆ ಅಣ್ಣನ ಹೆಸರೊಂದೇ. ಆಯಿ ಇಲ್ಲ, ಅವ್ವ ಇಲ್ಲ. ಅದರ ಕೆಳಗಿನ ಕಾಗದದಲ್ಲಿ ಮಾತ್ರ ಅಕ್ಕನ ಹೆಸರು, ನನ್ನ ಹೆಸರು, ಇಂಥವರ ಮಗಳು ಎಂದು ಅಪ್ಪನ ಹೆಸರಿನ ಸಮೇತ ಸ್ಪಷ್ಟವಾಗಿ ಟೈಪಾಗಿತ್ತು. ಅದು ನಾವು ಹಕ್ಕು ಬಿಟ್ಟ ಪತ್ರ. ನನ್ನ ಮೊಮ್ಮಗಳು ಮುಂದೆ ಎಂದಾದರೂ ಹುಡುಕಿಕೊಂಡು ಬಂದರೆ, ಆ ಮನೆಯಲ್ಲಿ ನಾನು ಹುಟ್ಟಿದ್ದೆ ಎಂಬುದಕ್ಕೆ ಅವಳಿಗೆ ಸಿಗುವ ಕಾಗದ ಅದೊಂದೇ. ಝೆರಾಕ್ಸ್ ಮಾಡಿಸಿಕೊಡು ಎಂದೆ. “ಇದ್ಯಾಕ ಈಗ?” ಎಂದು ಅಣ್ಣ ಸ್ವಲ್ಪ ಗಾಬರಿಯಾದ. ಆಸ್ತಿಗಲ್ಲಪ್ಪಾ ಅಂದೆ. ಅವನು ನಂಬಿದನೋ ಇಲ್ಲವೋ, ಸಂಜೆ ಪೇಟೆಗೆ ಹೋದವನು ಎರಡು ಪ್ರತಿ ಮಾಡಿಸಿ ತಂದ.